ಫೋಟೋ ಇದೆ, ಹೆಸರೇ ಇಲ್ಲ: ಮನೆಯ ಫೋಟೋಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು, ಮನೆಯಲ್ಲಿ ಬೆಳೆಯುತ್ತಲೇ ಇರುವ ಫೋಟೋಗಳ ರಾಶಿಯದ್ದು. ಅದಕ್ಕೇ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಮೊದಲ ಮಗು ಹುಟ್ಟಿದಾಗಿನಿಂದ ತೆಗೆದ ಫೋಟೋಗಳು ಮೂರು ಹಳೇ ಫೋನು, ಒಂದು ಲ್ಯಾಪ್‌ಟಾಪು, ನಾಲ್ಕೈದು ಪೆನ್‌ಡ್ರೈವ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿವೆ. ರಜೆ ಬಂದಾಗಲೆಲ್ಲ ಜೋಡಿಸೋಣ ಅಂತ ಕೂರುತ್ತೇನೆ. ನೋಡ್ತಾ ನೋಡ್ತಾ ಸಂಜೆಯಾಗಿಬಿಡುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹಳೆಯದರಿಂದ ಬೇಡ, ಇವತ್ತಿನಿಂದ ಶುರು ಮಾಡಿ. ಈ ತಿಂಗಳ ಫೋಟೋಗಳಿಗೆ ಒಂದು ಜಾಗ ಅಂತ ಗೊತ್ತಾದರೆ ರಾಶಿ ಇನ್ನು ಮುಂದೆ ಬೆಳೆಯುವುದು ನಿಲ್ಲುತ್ತದೆ, ಹಿಂದಿನದನ್ನು ನಿಧಾನವಾಗಿ ಮಾಡಿದರಾಯಿತು. ಅದು ಬಿಟ್ಟು ಹತ್ತು ವರ್ಷ ಹಿಂದಿನದಕ್ಕೆ ಕೈ ಹಾಕಿದರೆ, ನೀವು ಅದರಲ್ಲಿ ಮುಳುಗಿರುವಾಗಲೇ ಹೊಸದು ಬಂದು ಬೀಳುತ್ತಿರುತ್ತದೆ, ಆಮೇಲೆ ಸಾಕಪ್ಪಾ ಸಾಕು ಅನಿಸಿ ಎರಡೂ ನಿಂತುಹೋಗುತ್ತವೆ.

ಹಿಂದಿನದಕ್ಕೆ ಬಂದಾಗ ಮೊದಲ ಕೆಲಸ ಎಲ್ಲವನ್ನೂ ಒಂದು ಕಡೆ ತರುವುದು. ಒಂದು ಹಾರ್ಡ್ ಡಿಸ್ಕ್ ತೆಗೆದುಕೊಂಡು, ಒಂದೊಂದು ಫೋನಿಗೆ, ಒಂದೊಂದು ಪೆನ್‌ಡ್ರೈವ್‌ಗೆ ಬೇರೆ ಬೇರೆ ಫೋಲ್ಡರ್ ಮಾಡಿ, ಇದ್ದದ್ದು ಇದ್ದ ಹಾಗೆ ಸುರಿಯಿರಿ. ಕಟ್ ಮಾಡಬೇಡಿ, ಕಾಪಿ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೂ ಕೇಬಲ್ ಕಳಚಿದರೂ ಮೂಲ ಅಲ್ಲೇ ಇರುತ್ತದೆ. ಈ ಹಂತದಲ್ಲಿ ಒಂದನ್ನೂ ಡಿಲೀಟ್ ಮಾಡಬೇಡಿ, ಒಂದನ್ನೂ ತೆರೆದು ನೋಡಲೂ ಬೇಡಿ. ನೋಡುವುದು ತಪ್ಪಲ್ಲ, ಅದಕ್ಕೇ ಅಲ್ವಾ ಫೋಟೋ ತೆಗೆಯೋದು. ಆದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಆಮೇಲೆ ವರ್ಷಕ್ಕೊಂದು ಫೋಲ್ಡರ್. ಅದರೊಳಗೆ ವಿಶೇಷ ದಿನಗಳಿಗೆ ಮಾತ್ರ ಬೇರೆ ಫೋಲ್ಡರ್, ಉಳಿದದ್ದಕ್ಕೆಲ್ಲ ತಿಂಗಳಿಗೊಂದು. ಹೆಸರಿಡುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: "2014-05-18 ಅಕ್ಕನ ಮದುವೆ" ಅಂತ. ಹೀಗೆ ಬರೆದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದರೂ ಕಾಲದ ಪ್ರಕಾರವೇ ಜೋಡಿಸಿದ ಹಾಗಾಗುತ್ತದೆ. "18-05-2014" ಅಂತ ಬರೆದರೆ ಎಲ್ಲಾ ವರ್ಷದ 18ನೇ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ. ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಿ, ಈಗಿನ ಕಂಪ್ಯೂಟರ್‌ಗಳಲ್ಲಿ ಏನೂ ತೊಂದರೆ ಇಲ್ಲ.

"ಪ್ರವಾಸ", "ಮಕ್ಕಳು", "ಅಮ್ಮನ ಕಡೆಯವರು" ಅಂತ ವಿಂಗಡಿಸಲು ಹೋಗಬೇಡಿ. ಪ್ರವಾಸದಲ್ಲಿ ಮಕ್ಕಳ ಜೊತೆ ಸೋದರಮಾವ ನಿಂತಿರುವ ಫೋಟೋ ಎಲ್ಲಿಗೆ ಹೋಗಬೇಕು? ಇಂಥ ಪ್ರಶ್ನೆ ಪ್ರತಿ ಹತ್ತು ಫೋಟೋಗೆ ಒಂದು ಸಲ ಬರುತ್ತದೆ, ಅಲ್ಲೇ ಜನ ಸೋತು ಬಿಡುತ್ತಾರೆ. ಕಾಲದ ಪ್ರಕಾರ ಇಟ್ಟರೆ ಒಂದು ಫೋಟೋಗೆ ಒಂದೇ ಜಾಗ, ಯೋಚನೆಯೇ ಬೇಡ.

ತಾರೀಖು ನೀವೇ ನೆನಪು ಮಾಡಿಕೊಳ್ಳಬೇಕಿಲ್ಲ. ಫೋನು, ಡಿಜಿಟಲ್ ಕ್ಯಾಮೆರಾಗಳು ಫೋಟೋ ತೆಗೆದ ದಿನ, ಗಂಟೆ, ನಿಮಿಷವನ್ನು ಫೈಲಿನ ಒಳಗೇ ಬರೆದಿಡುತ್ತವೆ. ಇದನ್ನು ಎಕ್ಸಿಫ್ ಅನ್ನುತ್ತಾರೆ, 1995ರಲ್ಲಿ ಬಂದ ಪದ್ಧತಿ. ಡಿಜಿಕ್ಯಾಮ್ ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನು ಓದಿ ಸಾವಿರಾರು ಫೈಲುಗಳಿಗೆ ಒಟ್ಟಿಗೇ ತಾರೀಖಿನ ಹೆಸರು ಕೊಡುತ್ತದೆ. ಹಳೇ ಕ್ಯಾಮೆರಾದಲ್ಲಿ ಗಡಿಯಾರ ತಪ್ಪಾಗಿದ್ದರೆ, ಇಷ್ಟು ದಿನ ಇಷ್ಟು ಗಂಟೆ ಮುಂದೆ ಹಾಕು ಅಂತ ಹೇಳಿ ಎಲ್ಲವನ್ನೂ ಒಂದೇ ಸಲ ಸರಿಮಾಡಬಹುದು.

ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ವಿಷಯ ಮಾತ್ರ ಬೇರೆ. ಅಲ್ಲಿ ಫೋಟೋ ಕುಗ್ಗಿರುತ್ತದೆ, ಒಳಗಿದ್ದ ತಾರೀಖೂ ಹೋಗಿರುತ್ತದೆ. "ಐಎಂಜಿ-20190314-ಡಬ್ಲ್ಯುಎ0007" ಅನ್ನುವ ತರಹದ ಹೆಸರಲ್ಲಿರುವುದು ಆ ಫೋಟೋ ವಾಟ್ಸಾಪಿನಲ್ಲಿ ಓಡಾಡಿದ ದಿನವೇ ಹೊರತು ತೆಗೆದ ದಿನವಲ್ಲ. ಮುಖ್ಯವಾದ ಫೋಟೋ ಆಗಿದ್ದರೆ ತೆಗೆದವರನ್ನೇ ಕೇಳಿ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಆಗ ಮೂಲ ಫೈಲ್ ಹಾಗೇ ಬರುತ್ತದೆ.

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಬಿಡಿ ಫೋಟೋಗಳು ರಾಶಿ ಸಿಕ್ಕಿವೆ, ಹೆಚ್ಚಿನವು ಕಪ್ಪು ಬಿಳುಪು. ಮುಕ್ಕಾಲು ಜನ ಯಾರು ಅಂತ ನಮಗ್ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿರಬಹುದು, ಆದರೆ ಅವರಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ಒಳ್ಳೆ ಸ್ಕ್ಯಾನರ್ ಕೊಂಡುಕೊಳ್ಳಲಾ, ಹೊರಗೆ ಕೊಟ್ಟು ಸ್ಕ್ಯಾನ್ ಮಾಡಿಸಲಾ?

ಉತ್ತರ: ಸ್ಕ್ಯಾನರ್ ಆಮೇಲೆ. ಡಬ್ಬ, ಆಲ್ಬಂ ಎಲ್ಲ ಆಮೇಲೆ. ಮೊದಲು ಅಜ್ಜಿ ಹತ್ತಿರ ಕೂತುಕೊಳ್ಳಿ. ಫೋಟೋ ಇನ್ನೂ ಹತ್ತು ವರ್ಷ ಟ್ರಂಕಿನಲ್ಲಿದ್ದರೂ ಸ್ಕ್ಯಾನ್ ಮಾಡಬಹುದು, ಹೆಸರುಗಳು ಮಾತ್ರ ಸದ್ಯಕ್ಕೆ ಅಜ್ಜಿಯೊಬ್ಬರ ಹತ್ತಿರ ಇವೆ. ಇವತ್ತಿನ ಅಂಕಣದಲ್ಲಿ ನಾನು ಒಂದೇ ಒಂದು ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ: ಹೆಸರು ಬರೆಯುವುದು ಮೊದಲು, ಜೋಡಿಸುವುದು ಆಮೇಲೆ.

ಹೀಗೆ ಮಾಡಿ. ಪ್ರತಿ ಫೋಟೋ ಪಕ್ಕ ನಂಬರ್ ಬರೆದ ಚೀಟಿ ಇಟ್ಟು ಫೋನಿನಲ್ಲಿ ತೆಗೆಯಿರಿ. ಚೆನ್ನಾಗಿ ಬರಬೇಕು ಅಂತೇನಿಲ್ಲ, ಮುಖ ಗುರುತು ಸಿಕ್ಕರೆ ಸಾಕು. ಅದನ್ನು ಟ್ಯಾಬ್‌ನಲ್ಲೋ ಟೀವಿಯಲ್ಲೋ ದೊಡ್ಡದು ಮಾಡಿ ತೋರಿಸಿ. ಮಡಿಲಲ್ಲಿಟ್ಟ ಸಣ್ಣ ಫೋಟೋದಲ್ಲಿ ಕಾಣದ ಮುಖ ಟೀವಿಯಲ್ಲಿ ಕಾಣುತ್ತದೆ. ಪಕ್ಕದಲ್ಲಿ ಫೋನಿನ ರೆಕಾರ್ಡಿಂಗ್ ಆನ್ ಮಾಡಿಡಿ, ಪ್ರತಿ ಫೋಟೋಗೆ ಮೊದಲು ನಂಬರ್ ಜೋರಾಗಿ ಹೇಳಿ. ಬರೆದುಕೊಳ್ಳಲು ಹೋಗಬೇಡಿ. ನೀವು ತಲೆ ತಗ್ಗಿಸಿ ಬರೆಯುತ್ತಿದ್ದರೆ ಅವರು ಮಾತು ನಿಲ್ಲಿಸಿ ಕಾಯುತ್ತಾರೆ, ಆ ಕಾಯುವಿಕೆಯಲ್ಲಿ ಅರ್ಧ ಕಥೆ ಹೋಗುತ್ತದೆ.

"ಇದು ಯಾವ ವರ್ಷ?" ಅಂತ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. "ಆಗ ನೀವು ಯಾವ ಮನೇಲಿದ್ರಿ ಅಜ್ಜಿ? ಅಪ್ಪ ಆಗ ಸ್ಕೂಲಿಗೆ ಹೋಗ್ತಿದ್ರಾ? ಈ ಎತ್ತಿಕೊಂಡಿರೋ ಮಗು ಯಾರು? ಫೋಟೋ ತೆಗೆದವರು ಯಾರು?" ಅಂತ ಕೇಳಿ. ಅಪ್ಪ ಎರಡನೇ ಕ್ಲಾಸು ಅಂದರೆ ವರ್ಷ ನಿಮಗೇ ಗೊತ್ತಾಗುತ್ತದೆ. ಒಂದು ಫೋಟೋ ಗೊತ್ತಾಗಲಿಲ್ಲ ಅಂದರೆ ಒತ್ತಾಯ ಮಾಡದೆ ಮುಂದಕ್ಕೆ ಹೋಗಿ. ಐದು ಫೋಟೋ ಆದಮೇಲೆ ಅದೇ ಸೀರೆ, ಅದೇ ಬಾಗಿಲು ಇನ್ನೊಂದರಲ್ಲಿ ಕಂಡಾಗ ತಾನಾಗೇ ನೆನಪಾಗುವುದುಂಟು. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಇನ್ನೊಬ್ಬ ಹಿರಿಯರು "ಅಲ್ಲ, ಅದು ಅವಳಲ್ಲ, ಅವಳ ತಂಗಿ" ಅಂದರೆ ಇಬ್ಬರು ಹೇಳಿದ್ದನ್ನೂ ಬರೆದಿಡಿ, ಯಾರು ಹೇಳಿದ್ದು ಅನ್ನೋದನ್ನೂ ಸೇರಿಸಿ.

ಬರೆಯುವಾಗ "ಅಜ್ಜಿ", "ದೊಡ್ಡಮ್ಮ" ಅಂತ ಬರೆದು ಬಿಡಬೇಡಿ. ನಿಮ್ಮ ಮೊಮ್ಮಗಳು ಅದನ್ನು ಓದುವ ಹೊತ್ತಿಗೆ ಅಜ್ಜಿ ಅಂದರೆ ನೀವು! ಪೂರ್ತಿ ಹೆಸರು, ಯಾರ ಮಗಳು, ಯಾರ ಹೆಂಡತಿ, ಎಡದಿಂದ ಬಲಕ್ಕೆ ಯಾರ್‍ಯಾರು, ಇಷ್ಟು ಇರಲಿ. ವರ್ಷ ಗೊತ್ತಿಲ್ಲದಿದ್ದರೆ "1960ರ ದಶಕ, ಅಂದಾಜು" ಅಂತ ಬರೆಯಿರಿ. ಗೊತ್ತಿಲ್ಲದೆ ಒಂದು ವರ್ಷ ಬರೆದುಬಿಟ್ಟರೆ ಮುಂದಿನವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಫೋಟೋ ಹಿಂದೆ ಬರೆಯಲು ಮೆತ್ತನೆಯ ಪೆನ್ಸಿಲ್ ಬೇಕು. ಗಟ್ಟಿಯಾದ ಶುಚಿಯಾದ ಮೇಜಿನ ಮೇಲೆ ಫೋಟೋವನ್ನು ಬೋರಲು ಹಾಕಿ, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆದರೆ ಗೀರು ಮುಂದಿನ ಕಡೆ ಉಬ್ಬಿ ಕಾಣುತ್ತದೆ, ಫೋಟೋಗಳನ್ನು ಒಂದರ ಮೇಲೊಂದು ಇಟ್ಟಾಗ ಶಾಯಿ ಕೆಳಗಿನದರ ಮುಖಕ್ಕೆ ಅಂಟುತ್ತದೆ. ಆಮೇಲಾಮೇಲಿನ ಕಲರ್ ಫೋಟೋಗಳ ಹಿಂಭಾಗ ಪ್ಲಾಸ್ಟಿಕ್‌ನಂತೆ ನುಣುಪಾಗಿರುತ್ತದೆ, ಅದರ ಮೇಲೆ ಪೆನ್ಸಿಲ್ ಕೂರುವುದಿಲ್ಲ. ಅಂಥದ್ದಕ್ಕೆ ಕಾಗದದ ಲಕೋಟೆ ತೆಗೆದುಕೊಂಡು ಅದರ ಮೇಲೆ ಬರೆಯಿರಿ, ಬರೆದಾದಮೇಲೆ ಫೋಟೋ ಒಳಗೆ ಹಾಕಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆ ಆಲ್ಬಂ ಅಂಟು ಹಾಳೆಯದ್ದು, ಮೇಲೆ ಪ್ಲಾಸ್ಟಿಕ್ ಇದೆ. ಹಾಳೆಗಳು ಹಳದಿಯಾಗಿವೆ. ಫೋಟೋ ತೆಗೆಯಲು ಹೋದರೆ ಬರುತ್ತಿಲ್ಲ, ಹರಿದೀತು ಅಂತ ಭಯ.

ಉತ್ತರ: ಭಯಪಡುವುದೇ ಸರಿ, ಎಳೆಯಬೇಡಿ. ಆ ಅಂಟು ವರ್ಷ ಕಳೆದ ಹಾಗೆ ಗಟ್ಟಿಯಾಗಿ ಫೋಟೋವನ್ನು ಕಚ್ಚಿ ಹಿಡಿಯುತ್ತದೆ. ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಿನಲ್ಲಿ ತೆಗೆದುಕೊಳ್ಳಿ. ಯಾವುದರ ಪಕ್ಕ ಯಾವುದು ಅಂತ ಅಮ್ಮ ಯೋಚಿಸಿ ಜೋಡಿಸಿದ್ದು ಅದು, ಆ ಜೋಡಣೆಯೂ ಉಳಿಯಬೇಕು.

ಆಮೇಲೆ ಹಲ್ಲು ಶುಚಿ ಮಾಡುವ ಫ್ಲಾಸ್ ದಾರ ತೆಗೆದುಕೊಳ್ಳಿ, ಮೇಣ ಹಚ್ಚಿಲ್ಲದ್ದು. ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಸುಲಿದು, ಫೋಟೋದ ಒಂದು ಮೂಲೆಯ ಕೆಳಗೆ ದಾರವನ್ನು ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಹಿಂದೆ ಮುಂದೆ ಆಡಿಸುತ್ತ ಒಳಗೆ ಹೋಗಿ. ದಾರ ಹಾಳೆಯ ಕಡೆಗೇ ಒತ್ತಿಕೊಂಡಿರಲಿ. ಬಗ್ಗಿಸಬೇಕಾಗಿ ಬಂದರೆ ಹಾಳೆಯನ್ನು ಬಗ್ಗಿಸಿ, ಫೋಟೋವನ್ನಲ್ಲ. ಎಣ್ಣೆ, ನೀರು ಯಾವುದನ್ನೂ ಹಾಕಬೇಡಿ. ಇಷ್ಟು ಮಾಡಿದರೂ ಬರದಿದ್ದರೆ ಬಿಟ್ಟುಬಿಡಿ, ಪುಟದಲ್ಲೇ ಇರಲಿ, ಹಾಗೇ ಸ್ಕ್ಯಾನ್ ಮಾಡಿ. ಬಂದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್‌ಗಳಲ್ಲಿ ಇಡಿ. ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದ್ದು ಬೇಡ, ಅದು ಕಾಲ ಕಳೆದಂತೆ ಫೋಟೋವನ್ನು ಹಾಳು ಮಾಡುತ್ತದೆ. ತೆಗೆದ ಕೂಡಲೇ ಗಾಢ ಪ್ಲಾಸ್ಟಿಕ್ ವಾಸನೆ ಬರುವ ಕವರ್ ಇದ್ದರೆ ಅನುಮಾನಪಡಿ.

ಡಬ್ಬವನ್ನು ಅಟ್ಟದ ಮೇಲೂ ಇಡಬೇಡಿ, ನೆಲದ ಮೇಲೂ ಇಡಬೇಡಿ. ಅಟ್ಟದಲ್ಲಿ ಬಿಸಿ, ನೆಲದಲ್ಲಿ ತೇವ. ಕಲರ್ ಫೋಟೋದ ಬಣ್ಣ ಕತ್ತಲಲ್ಲಿದ್ದರೂ ಮಾಸುತ್ತದೆ, ಬಿಸಿ ಇದ್ದರೆ ಬೇಗ ಮಾಸುತ್ತದೆ. ತೇವ ಇದ್ದರೆ ಬೂಷ್ಟು, ಜೊತೆಗೆ ಹುಳ. ಫೋಟೋ ಮೇಲ್ಮೈಯಲ್ಲಿರುವ ಜೆಲಟಿನ್ ಅಂದರೆ ಹುಳಗಳಿಗೆ ಊಟ. ದಿನಾ ಜನ ಇರುವ ಕೋಣೆಯ ಬೀರುವಿನ ನಡುವಿನ ಅರೆಯೇ ಒಳ್ಳೆಯದು.

ಪ್ರಶ್ನೆ: ಸ್ಕ್ಯಾನ್ ಮಾಡುವಾಗ ಡಿಪಿಐ ಎಷ್ಟಿಡಬೇಕು? ಒಬ್ಬರು 300 ಸಾಕು ಅಂತಾರೆ, ಇನ್ನೊಬ್ಬರು 1200 ಅಂತಾರೆ.

ಉತ್ತರ: ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ (ಪಿಕ್ಸೆಲ್) ಅನ್ನುವ ಲೆಕ್ಕ. ಮನೆಯ ಫೋಟೋಗಳಿಗೆ 600. 4x6 ಇಂಚಿನ ಫೋಟೋ 600ರಲ್ಲಿ 2400x3600 ಪಿಕ್ಸೆಲ್ ಆಗುತ್ತದೆ, ಅದನ್ನು ಎರಡು ಪಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೂ ಚೆನ್ನಾಗಿರುತ್ತದೆ. 300 ಅಂದರೆ ಇದ್ದಷ್ಟೇ ಅಳತೆಗೆ ಸಾಕು, ದೊಡ್ಡದಕ್ಕಲ್ಲ. 1200 ಇಟ್ಟರೆ ಫೈಲ್ ನಾಲ್ಕು ಪಟ್ಟು ದೊಡ್ಡದಾಗುತ್ತದೆ, ಹೆಚ್ಚಿನ ಪ್ರಿಂಟುಗಳಲ್ಲಿ ಅಷ್ಟು ವಿವರ ಇರುವುದೇ ಇಲ್ಲ. ಪಾಸ್‌ಪೋರ್ಟ್ ಅಳತೆಯ ಪುಟಾಣಿ ಫೋಟೋಗೆ ಮಾತ್ರ 1200 ಇಡಿ. ನೆಗೆಟಿವ್ ಸಿಕ್ಕಿದರೆ ಬಿಸಾಡಬೇಡಿ ದಯವಿಟ್ಟು, ಪ್ರಿಂಟಿಗಿಂತ ಜಾಸ್ತಿ ವಿವರ ಅದರಲ್ಲಿರುತ್ತದೆ. ಆದರೆ ಸಾಮಾನ್ಯ 35 ಎಂಎಂ ಫಿಲ್ಮಿನಲ್ಲಿ ಅದರ ಚೌಕಟ್ಟು ಬರೀ 24x36 ಮಿಲಿಮೀಟರ್, ಹಾಗಾಗಿ 2400ಕ್ಕಿಂತ ಕಡಿಮೆ ಇಡಬಾರದು, ನೆಗೆಟಿವ್ ಹಿಂದಿನಿಂದ ಬೆಳಕು ಬಿಡುವ ಸ್ಕ್ಯಾನರೇ ಬೇಕು.

ಕಪ್ಪು ಬಿಳುಪು ಫೋಟೋವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಮೊದಲ ಸ್ಕ್ಯಾನ್ ಫೈಲನ್ನು ಮುಟ್ಟದೆ ಇಟ್ಟು, ಬಣ್ಣ ತಿದ್ದುವುದು, ಕಲೆ ತೆಗೆಯುವುದು ಎಲ್ಲ ಅದರ ಕಾಪಿಯಲ್ಲಿ ಮಾಡಿ. ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಸ್ವಲ್ಪ ಸ್ವಲ್ಪ ಗುಣಮಟ್ಟ ಹೋಗುತ್ತದೆ.

ಪ್ರಶ್ನೆ: ಫೋನ್ ತುಂಬಿಹೋಗಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಇದೆಯಲ್ಲ, ಫೋನಿನಿಂದ ಡಿಲೀಟ್ ಮಾಡಿದರೆ ಅಲ್ಲಿ ಇರುತ್ತಾ?

ಉತ್ತರ: ಎಲ್ಲಿಂದ ಡಿಲೀಟ್ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಗೂಗಲ್ ಫೋಟೋಸ್ ಆ್ಯಪ್ ತೆರೆದು ಅಲ್ಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ 60 ದಿನ ಅದರ ಕಸದಬುಟ್ಟಿಯಲ್ಲಿರುತ್ತದೆ, ಆಮೇಲೆ ಪೂರ್ತಿ ಮಾಯ. ಫೋನಿನ ಜಾಗ ಮಾತ್ರ ಖಾಲಿಯಾಗಬೇಕು ಅಂದರೆ ಅದೇ ಆ್ಯಪ್‌ನಲ್ಲಿ ಜಾಗ ಖಾಲಿ ಮಾಡುವ ಬೇರೆ ಆಯ್ಕೆ ಇದೆ, ಅದು ಬ್ಯಾಕಪ್ ಮುಗಿದಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಐಫೋನಿನ ಐಕ್ಲೌಡ್ ಫೋಟೋಸ್ ಕೂಡ ಹೀಗೇ, ಒಂದು ಕಡೆ ಅಳಿಸಿದರೆ ಎಲ್ಲಾ ಕಡೆ ಅಳಿಯುತ್ತದೆ.

ಕ್ಲೌಡ್ ಒಂದನ್ನೇ ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. 2021ರ ಜೂನ್ 1ರವರೆಗೆ ಗೂಗಲ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು, ಈಗ ಜಿಮೇಲ್ ಎಲ್ಲ ಸೇರಿ 15 ಜಿಬಿ. ಪಿಕಾಸಾ ಅಂತ ಗೂಗಲ್ಲಿನದೇ ಒಂದು ಫೋಟೋ ಸಾಫ್ಟ್‌ವೇರ್ ಇತ್ತು, ಎಷ್ಟೋ ಮನೆಗಳಲ್ಲಿ ಅದರಲ್ಲೇ ಫೋಟೋ ಜೋಡಿಸಿಕೊಂಡಿದ್ದರು. 2016ರಲ್ಲಿ ಅದು ನಿಂತಿತು. ಫೋಲ್ಡರ್ ಹೆಸರಿನಲ್ಲಿ ಬರೆದಿಟ್ಟದ್ದು ಯಾವ ಆ್ಯಪ್ ಹೋದರೂ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ನೀವು ಮುಖಗಳಿಗೆ ಕೊಟ್ಟ ಹೆಸರೂ ಆ ಆ್ಯಪ್‌ನಲ್ಲೇ ಇರುತ್ತದೆ, ಫೋಟೋ ಫೈಲಿನೊಳಗೆ ಸೇರುವುದಿಲ್ಲ. ಹುಡುಕಲು ಅನುಕೂಲ, ಬಳಸಿ. ಆದರೆ ಹೆಸರು ಬರೆದಾಯಿತು ಅಂದುಕೊಳ್ಳಬೇಡಿ.

ಪ್ರಶ್ನೆ: ಒಂದೇ ದೃಶ್ಯಕ್ಕೆ ಹದಿನೈದು ಫೋಟೋ ಇರುತ್ತದೆ. ಯಾವುದನ್ನೂ ಅಳಿಸಲು ಮನಸ್ಸು ಬರುವುದಿಲ್ಲ.

ಉತ್ತರ: ಹದಿನೈದರಲ್ಲಿ ಎರಡು ಇಟ್ಟುಕೊಳ್ಳಿ. ಆಯ್ಕೆ ಮಾಡುವುದು ಕಷ್ಟ ಅಂದರೆ ಅಳಿಸುವುದನ್ನು ಹುಡುಕಬೇಡಿ, ಉಳಿಸುವುದನ್ನು ಹುಡುಕಿ, ಕೆಲಸ ಬೇಗ ಆಗುತ್ತದೆ. ಒಂದು ಮಾತು ಮಾತ್ರ ನೆನಪಿಡಿ. ಎಲ್ಲರೂ ಸಾಲಾಗಿ ನಿಂತು ನಕ್ಕಿರುವ ಫೋಟೋ ಬೇಕಾದಷ್ಟು ಇರುತ್ತವೆ. ಅಪ್ಪ ಬಾಗಿ ಶೂ ಕಟ್ಟುತ್ತಿರುವುದು, ಹಿಂದೆ ಮನೆಯ ಹಳೇ ಶೆಲ್ಫು ಕಾಣುತ್ತಿರುವುದು, ಅಮ್ಮ ಯಾರನ್ನೋ ಕರೆಯುತ್ತಿರುವುದು ಇಂಥವು ಅಪರೂಪ. ಸ್ವಲ್ಪ ಅಲುಗಾಡಿದ್ದರೂ ಇಂಥದ್ದನ್ನು ಅಳಿಸಬೇಡಿ. ಮನೆಯಲ್ಲಿ ಯಾವಾಗಲೂ ಫೋಟೋ ತೆಗೆಯುವವರು ಒಬ್ಬರಿರುತ್ತಾರಲ್ಲ, ಅವರು ಇರುವ ಫೋಟೋಗಳು ತೀರಾ ಕಡಿಮೆ ಇರುತ್ತವೆ, ಅವನ್ನೂ ಹಾಗೇ ಉಳಿಸಿ.

ಪ್ರಶ್ನೆ: ಅಮ್ಮ ತೀರಿಕೊಂಡ ಮೇಲೆ ಆಲ್ಬಂಗಳು ನಮ್ಮ ಮನೆಯಲ್ಲಿವೆ. ತಮ್ಮನೂ ಕೇಳುತ್ತಿದ್ದಾನೆ, ಅಕ್ಕನೂ ಕೇಳುತ್ತಿದ್ದಾಳೆ. ಬಿಡಿಸಿ ಮೂರು ಪಾಲು ಮಾಡಿಬಿಡಲಾ?

ಉತ್ತರ: ಬೇಡ, ಆಲ್ಬಂ ಬಿಡಿಸಬೇಡಿ. ಒಂದು ಸಲ ಬಿಡಿಸಿ ಮೂರು ಮನೆಗೆ ಹೋದದ್ದು ಮತ್ತೆ ಒಂದಾಗುವುದಿಲ್ಲ. ಒಂದು ವಾರ ಮೂವರೂ ಸೇರಿ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಮೂವರ ಹತ್ತಿರವೂ ಪೂರ್ತಿ ಸೆಟ್ ಇರಲಿ. ಮೂಲ ಆಲ್ಬಂಗಳು ಒಂದೇ ಮನೆಯಲ್ಲಿರಲಿ, ಯಾರ ಮನೆ ಅಂತ ಮೂವರೂ ಮಾತಾಡಿ ಒಪ್ಪಿಕೊಳ್ಳಿ. ಅಕ್ಕನಿಗೆ ಒಂದು ಫೋಟೋ ಮೇಲೆ ಪ್ರಾಣ ಅಂದರೆ ಆ ಮೂಲವನ್ನೇ ಕೊಡಿ, ಆಲ್ಬಂನ ಆ ಜಾಗದಲ್ಲಿ ಒಂದು ಪ್ರಿಂಟ್ ಅಂಟಿಸಿ, ಮೂಲ ಯಾರ ಹತ್ತಿರ ಇದೆ ಅಂತ ಹಿಂದೆ ಬರೆದಿಡಿ. ಸ್ಕ್ಯಾನ್ ಮಾಡಲು ಸೇರಿದಾಗ ಹೆಸರು ಬರೆಯುವ ಕೆಲಸವನ್ನೂ ಮುಗಿಸಿಕೊಳ್ಳಿ, ಮೂವರಲ್ಲಿ ದೊಡ್ಡವರಿಗೆ ಗೊತ್ತಿರುವುದು ಚಿಕ್ಕವರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಎಲ್ಲಾ ಫೋಟೋಗಳನ್ನು ಒಂದು ದೊಡ್ಡ ಹಾರ್ಡ್ ಡಿಸ್ಕ್‌ಗೆ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಸಾಕಲ್ವಾ?

ಉತ್ತರ: ಸಾಲದು. ಡಿಸ್ಕ್ ಕೈಜಾರಿ ಬಿದ್ದರೆ ಮುಗಿಯಿತು. ಮೂರು ಕಾಪಿ ಇರಬೇಕು, ಎರಡು ಬೇರೆ ಬೇರೆ ತರಹದ ಜಾಗದಲ್ಲಿರಬೇಕು, ಒಂದಾದರೂ ಮನೆಯಿಂದ ಹೊರಗಿರಬೇಕು ಅನ್ನುವುದು ಫೋಟೋಗ್ರಾಫರ್‌ಗಳು ಪಾಲಿಸುವ ಲೆಕ್ಕ. ನಿಮ್ಮ ಮಟ್ಟಿಗೆ ಕಂಪ್ಯೂಟರ್‌ನಲ್ಲಿ ಒಂದು, ಆ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಅಥವಾ ತಂಗಿಯ ಮನೆಯಲ್ಲಿಟ್ಟ ಇನ್ನೊಂದು ಡಿಸ್ಕ್‌ನಲ್ಲಿ ಒಂದು. ಪೆನ್‌ಡ್ರೈವು, ಮೆಮೊರಿ ಕಾರ್ಡು ಸಾಗಿಸಲು ಸರಿ, ಇಡಲು ಅಲ್ಲ. ಡಿಸ್ಕನ್ನು ವರ್ಷಕ್ಕೆರಡು ಸಲ ಕಂಪ್ಯೂಟರ್‌ಗೆ ಹಾಕಿ ಫೋಟೋಗಳು ತೆರೆಯುತ್ತವಾ ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಅದರಲ್ಲಿದ್ದ ಫೋಟೋಗಳ ಸಮೇತ. ನಮ್ಮ ನಂತರ ಖಾತೆ ಯಾರಿಗೆ ಸಿಗಬೇಕು ಅಂತ ಮೊದಲೇ ಹೇಳಿಡುವ ಸೌಲಭ್ಯ ಗೂಗಲ್‌ನಲ್ಲೂ ಇದೆ, ಆ್ಯಪಲ್‌ನಲ್ಲೂ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿ.

ಪ್ರಶ್ನೆ: ಗೋಡೆಯ ಮೇಲಿದ್ದ ತಾತನ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ನೀರಲ್ಲಿ ನೆನೆಸಿದರೆ ಬಿಡುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?

ಉತ್ತರ: ಇರುವುದು ಅದೊಂದೇ ಅಂದರೆ ಮಾಡಬೇಡಿ. ತೇವಕ್ಕೆ ಫೋಟೋ ಮೇಲಿನ ಪದರ ಮೆತ್ತಗಾಗಿ ಗಾಜಿಗೆ ಹಿಡಿದಿರುತ್ತದೆ, ನೆನೆಸಿ ಬಿಡಿಸಲು ಹೋದರೆ ಮುಖವೇ ಗಾಜಿನಲ್ಲಿ ಉಳಿಯಬಹುದು. ಫ್ರೇಮಿನ ಕಟ್ಟು, ಹಿಂದಿನ ರಟ್ಟು ತೆಗೆದು, ಗಾಜಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲಿಟ್ಟು ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಕಡೆ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಗಾಜಿಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಅದರ ಪ್ರಿಂಟ್ ಹಾಕಿಸಿ ಗೋಡೆಗೆ ಅದನ್ನೇ ನೇತುಹಾಕಿ, ಈ ಸಲ ಗಾಜಿಗೂ ಫೋಟೋಗೂ ನಡುವೆ ದಪ್ಪ ಕಾಗದದ ಅಂಚು ಕೊಡಿಸಿ, ಒಂದಕ್ಕೊಂದು ತಾಗದ ಹಾಗೆ. ಗಾಜಿಗೆ ಅಂಟಿದ ಮೂಲವನ್ನು ಹಾಗೇ ಕಾಗದದಲ್ಲಿ ಸುತ್ತಿ, ಒಳಗೇನಿದೆ ಅಂತ ಮೇಲೆ ಬರೆದು, ಬೀರುವಿನಲ್ಲಿ ಮಲಗಿಸಿಡಿ.